ಯಾರ ಮಗಳವ್ವಾ ನೀ?

ಫೆಬ್ರುವರಿ 14. ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾದ ಹೊರಗೆ ಹೂವಿನಂಗಡಿಯೊಂದರ ಮುಂದೆ ನಿಂತಿದ್ದೀರಿ. ಬುಟ್ಟಿಯಲ್ಲಿ ಮಜಾರಿಗೆ ಏರಿಸುವ ಬಿಡಿ ಗುಲಾಬಿ. ಪಕ್ಕದ ಬಕೆಟ್ಟಿನಲ್ಲಿ ಬೆಂಗಳೂರು ಕಡೆಯಿಂದ ಬಂದ ಉದ್ದ ದಂಟಿನವು, ಒಂದೊಂದಕ್ಕೂ ಪ್ಲಾಸ್ಟಿಕ್ ಅಂಗಿ.

"ಇವು ಎಷ್ಟ್ರೀ ಚಾಚಾ?"

"ಮೂವತ್ತ್ ರೂಪಾಯಿ. ನಿನ್ನೆ ಹದಿನೈದಿತ್ತು." ಆಮೇಲೆ, ನೀವು ಕೇಳದಿದ್ದರೂ, "ಇದೆಲ್ಲಾ ನಮ್ಮ ಮಜಹಬ್‌ನಾಗ ಇಲ್ರೀ" ಅನ್ನುತ್ತಾರೆ. ಅನ್ನುತ್ತಲೇ ಹೂವಿಗೆ ನೀರು ಚಿಮುಕಿಸುತ್ತಾರೆ.

ಒಳಗೆ ಮಲಗಿರುವವರು ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ಬಂದು, 1422ರಲ್ಲಿ ಇಲ್ಲೇ ತೀರಿಕೊಂಡ ಚಿಷ್ತಿ ಸಂತ. ದೇವರನ್ನು ಪ್ರಿಯತಮನೆಂದು ಹಂಬಲಿಸಿ ಹಾಡು ಕೇಳುವ ಪರಂಪರೆ ಅವರದು. ಆ ಹಾಡಿಗೂ ಮಡಿವಂತ ಉಲೇಮಾಗಳು ತಕರಾರು ತೆಗೆಯುತ್ತಿದ್ದರು.

ಹುಮನಾಬಾದ್ ಬಸ್ ಹತ್ತುತ್ತೀರಿ. ಪಕ್ಕದವರ ಮೊಬೈಲಿನಲ್ಲಿ ಕೇಸರಿ ಶಾಲಿನ ಯುವಕನೊಬ್ಬ "ಇದು ನಮ್ಮ ಸಂಸ್ಕೃತಿ ಅಲ್ಲ" ಎಂದು ಕೂಗುತ್ತಿದ್ದಾನೆ. 2009 ನೆನಪಾಗುತ್ತದೆ. ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದ ಶ್ರೀರಾಮ ಸೇನೆ, ಪ್ರೇಮಿಗಳ ದಿನ ಜೋಡಿ ಕಂಡರೆ ಅಲ್ಲೇ ಮದುವೆ ಮಾಡಿಸುತ್ತೇವೆ ಎಂದಿತ್ತು. ಪೂಜಾರಿ, ಅರಿಶಿನ ಕೊಂಬು, ತಾಳಿ ಸಮೇತ. ಹಿಂದಿನ ದಿನವೇ ಸೇನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಅವರನ್ನು ಪೊಲೀಸರು ಮುನ್ನೆಚ್ಚರಿಕೆಯಾಗಿ ಹಿಡಿದಿಟ್ಟರು. 2017ರಲ್ಲಿ ಇಸ್ಲಾಮಾಬಾದ್ ಹೈಕೋರ್ಟ್ ಈ ಹಬ್ಬ ಇಸ್ಲಾಮಿಗೆ ವಿರುದ್ಧವೆಂದು ಸಾರ್ವಜನಿಕ ಆಚರಣೆಯನ್ನೇ ನಿಷೇಧಿಸಿತು. ಆ ನ್ಯಾಯಾಧೀಶರನ್ನೂ ಈ ಶಾಲಿನ ಹುಡುಗನನ್ನೂ ಒಂದೇ ಸೀಟಿನಲ್ಲಿ ಕೂರಿಸಿದರೆ ಇವತ್ತೊಂದು ದಿನ ಜಗಳವೇ ಆಗದು. (ಚಾಚಾ ಕೂರಲಾರರು, ಗಿರಾಕಿ ಕಾಯುತ್ತಿದ್ದಾರೆ.)

ಮಹಾಗಾಂವ್ ಕ್ರಾಸ್ ದಾಟುತ್ತದೆ. ಮುಂದಿನ ಸೀಟಿನ ಕಾಲೇಜು ಹುಡುಗಿ ಆಧಾರ್ ತೋರಿಸಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಪಡೆದಿದ್ದಾಳೆ. ಕಾರ್ಡನ್ನು ಬ್ಯಾಗಿಗೆ ಸೇರಿಸುವಾಗ ಪ್ಲಾಸ್ಟಿಕ್ ಸರಕ್ಕನ್ನುತ್ತದೆ, ಕೆಂಪು ತುದಿಯೊಂದು ಇಣುಕುತ್ತದೆ. ಪಕ್ಕದ ಮುದುಕಿಯ ಕಣ್ಣು ಅಲ್ಲೇ ನೆಟ್ಟಿದೆ.

"ಯಾರ ಮಗಳವ್ವಾ ನೀ?"

ಯಾವ ಸೇನೆಗೂ ಕೋರ್ಟಿಗೂ ಈ ಮೂರು ಮಾತಿನ ಬಿಗಿ ಇಲ್ಲ. ಹುಡುಗಿ ಜಿಪ್ ಎಳೆದು ಒಂದು ಊರಿನ ಹೆಸರು ಹೇಳುತ್ತಾಳೆ. ಆ ಊರು ಈ ದಾರಿಯಲ್ಲೇ ಇಲ್ಲ.

"ಹೌದೇನ? ನಮ್ಮ ಅಕ್ಕನ್ನ ಅಲ್ಲೇ ಕೊಟ್ಟೇವಲ್ಲ!" ಮುದುಕಿ ಹಿಗ್ಗಿ ಹತ್ತಿರ ಸರಿಯುತ್ತಾಳೆ. "ಯಾರ ಮನಿ, ಹೇಳು?"

ಕಮಲಾಪುರ ಬರುತ್ತದೆ. ರಸ್ತೆ ಬದಿ ಕೆಂಪು ಬಾಳೆಗೊನೆ ತೂಗುತ್ತಿವೆ. ಉತ್ತರ ಕೊಡದೆ ಹುಡುಗಿ ಎಲ್ಲರಿಗಿಂತ ಮೊದಲು ಇಳಿಯುತ್ತಾಳೆ.