ಒಂದು ಬೋಲ್ಟಿನ ಮಾತು

ನಮ್ಮ ಜಮಖಂಡಿಯಲ್ಲಿ ಹಂಗಾಮು ಬಂತೆಂದು ತಿಳಿಯಲು ಪಂಚಾಂಗ ನೋಡಬೇಕಾಗಿಲ್ಲ. ಮುಧೋಳದ ದಾರಿಯಲ್ಲೂ ಬೀಳಗಿಯ ದಾರಿಯಲ್ಲೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲುಗಟ್ಟಿದರೆ, ಬಸ್ಸು ಅರ್ಧ ತಾಸು ತಡವಾಗಿ ಬಂದರೆ, ಅದೇ ಹಂಗಾಮು. ಕಬ್ಬಿನಿಂದ ಸಕ್ಕರೆಯಾಗುತ್ತದೆ ಎಂಬಷ್ಟೇ ನನಗೆ ಗೊತ್ತಿದ್ದ ಸಂಗತಿ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಸ್ಪಿರಿಟ್ ಇಳಿಸುತ್ತಾರೆಂದೂ, ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಬೆರೆಸುವುದು ಅದನ್ನೇ ಎಂದೂ ತಿಳಿಸಿದವನು ನನ್ನ ಅಕ್ಕನ ಮಗ.

ಅಕ್ಕನ ಮನೆ ಬನಹಟ್ಟಿಯಲ್ಲಿ, ಮಗ್ಗದ ಮನೆ. ಅಲ್ಲಿಯ ಗೋಡೆಗಿದ್ದ ಸ್ವಿಚ್ಚಿನ ಪೆಟ್ಟಿಗೆಯ ಮುಚ್ಚಳ ಎಂದೋ ಕಳೆದುಹೋಗಿತ್ತು. ಗುಂಡಿ ಒತ್ತಿದೊಡನೆ ಅದರೊಳಗೆ ಹಾರುವ ನೀಲಿ ಕಿಡಿಯನ್ನು ನೋಡುತ್ತಲೇ ಹುಡುಗ ಬೆಳೆದ. ಹಳಗನ್ನಡವೆಂದರೆ ಓಡುತ್ತಿದ್ದವನು ಐ.ಟಿ.ಐ. ಮುಗಿಸಿ, ಮುಧೋಳದ ಕಡೆಯ ಒಂದು ಡಿಸ್ಟಿಲರಿಯಲ್ಲಿ ಎಲೆಕ್ಟ್ರಿಶಿಯನ್ ಆದ.

ಕಳೆದ ಹಂಗಾಮಿನಲ್ಲಿ ಒಂದು ರವಿವಾರ ಅವನು ನಮ್ಮ ಮನೆಗೆ ಬಂದ. ಮೋರೆ ಸಪ್ಪಗಿತ್ತು. ಸ್ಪಿರಿಟ್ ಪಂಪಿನ ಹತ್ತಿರದ ಫ್ಲೇಮ್‌ಪ್ರೂಫ್ ಪ್ಯಾನೆಲ್ ರಿಪೇರಿಯಾಗಿತ್ತಂತೆ. ಮುಚ್ಚಳದ 16 ಬೋಲ್ಟುಗಳಲ್ಲಿ ಒಂದು ಸಿಗಲೊಲ್ಲದು. ಮೇಲಿನವರು ಹದಿನೈದು ಸಾಕು, ಸಹಿ ಮಾಡು ಎಂದರಂತೆ. ಇವನು ಮಾಡಲಿಲ್ಲ. ಪಂಪು ನಿಂತಿತ್ತು, ಮರುದಿನ ಬೆಳಗಿನವರೆಗೆ ಯೋಚಿಸಲು ಅವಕಾಶ ಕೊಟ್ಟಿದ್ದರು.

“ಹದಿನಾರರಾಗ ಒಂದು ಇಲ್ಲಂದ್ರ ಏನಾತೋ ತಮ್ಮಾ? ಹಿರಿಯರ ಕೂಡ ವಾದ ಬ್ಯಾಡ. ಸಹಿ ಮಾಡಿಬಿಡು” ಎಂದೆ.

ಇಪ್ಪತ್ತು ವರ್ಷ ನೌಕರಿ ಮಾಡಿದವನ ಬುದ್ಧಿವಾದವಿದು. ನಾನು ಓದದೆ ಸಹಿ ಮಾಡಿದ ಕಾಗದಗಳಿಗೆ ಲೆಕ್ಕವಿಲ್ಲ.

ಹುಡುಗ ಸಿಟ್ಟಾಗಲಿಲ್ಲ. “ಮಾಮಾ, ಆ ಪೆಟಗಿ ಗ್ಯಾಸ್ ಒಳಗ ಬರಬಾರದಂತ ಮಾಡಿದ್ದಲ್ರಿ. ಬಂದ ಬರ್ತದ ಅಂತ ತಿಳದ ಮಾಡಿದ್ದು” ಎಂದ.

ನನಗೆ ಆಶ್ಚರ್ಯವಾಯಿತು. ಬೆಂಕಿಯಿಂದ ಕಾಯುವ ಪೆಟ್ಟಿಗೆ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆಂದೇ ನಾನು ನಂಬಿದ್ದೆ. ಅವನು ವಿವರಿಸಿದ. ಸ್ಪಿರಿಟ್ಟು ಸುಮಾರು 13 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಿಸಿಲೂರಿನಲ್ಲಿ ಅದಕ್ಕೇನು ಬರ? ಗಾಳಿಯಲ್ಲಿ ಆ ಆವಿ ನೂರಕ್ಕೆ ಸುಮಾರು 3ರಿಂದ 19 ಪಾಲಿದ್ದರೆ ಒಂದು ಕಿಡಿ ಸಾಕು. ಆವಿ ಪೆಟ್ಟಿಗೆಯೊಳಗೂ ನುಸುಳೀತು, ಗುಂಡಿ ಒತ್ತಿದಾಗ ಒಳಗೇ ಸ್ಫೋಟವೂ ಆದೀತು. ಆಗ ದಪ್ಪ ಗೋಡೆ ಒಡೆಯಬಾರದು. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಕೂದಲೆಳೆಯಂಥ ಸಂದು ಇರುತ್ತದೆ. ಉರಿ ಆ ಅಗಲವಾದ ಲೋಹದ ಅಂಚುಗಳ ನಡುವೆ ಹಾದು ಹೊರಬರುವಷ್ಟರಲ್ಲಿ ತಣ್ಣಗಾಗಿ, ಹೊರಗಿನ ಆವಿಯನ್ನು ಹೊತ್ತಿಸಲಾರದೆ ಹೋಗುತ್ತದೆ. ಒಂದು ಬೋಲ್ಟು ಇಲ್ಲದಿದ್ದರೆ ಆ ಜಾಗದಲ್ಲಿ ಸಂದು ಬಾಯಿಬಿಡುತ್ತದೆ. ಧನಬಾದಿನ ಪ್ರಯೋಗಾಲಯದಲ್ಲಿ ಇಂಥ ಪೆಟ್ಟಿಗೆಗಳೊಳಗೆ ಬೇಕೆಂದೇ ಗ್ಯಾಸು ತುಂಬಿ, ಕಿಡಿ ಹೊತ್ತಿಸಿ ಪರೀಕ್ಷಿಸುತ್ತಾರಂತೆ. “ಪಾಸಾದದ್ದು ಹದಿನಾರು ಬೋಲ್ಟಿನ ಪೆಟಗಿರಿ, ಹದಿನೈದರದ್ದಲ್ಲ” ಎಂದ.

1815ರಲ್ಲಿ ಹಂಫ್ರಿ ಡೇವಿ ಎಂಬವನು ಗಣಿಯ ದೀಪಕ್ಕೆ ಸಣ್ಣ ಕಣ್ಣಿನ ತಂತಿಬಲೆ ಸುತ್ತಿ ಉರಿಯನ್ನು ಒಳಗೇ ತಡೆದದ್ದೂ ಇದೇ ಉಪಾಯವಂತೆ. ನೇಕಾರನ ಮಗನಿಗೆ ಆ ಬಲೆಯ ಮೇಲೆ ವಿಶೇಷ ಅಭಿಮಾನ.

ನನಗೆ ಮಾತ್ರ ಮುಧೋಳದವನೇ ಆದ ರನ್ನ ನೆನಪಾದ. ಅವನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾಗ ಭೀಮನ ಗರ್ಜನೆ ಕೇಳಿ, ತಣ್ಣೀರಿನೊಳಗಿದ್ದೂ ಕೋಪದಿಂದ ಬೆವರುತ್ತಾನೆ. ಅಷ್ಟು ನೀರಿಗೂ ಅವನೊಳಗಿನ ಉರಿಯನ್ನು ಆರಿಸಲಾಗಲಿಲ್ಲ. ಅದು ಆರದೆಯೇ ಹೊರಬಂತು, ಮುಂದಾದದ್ದು ಎಲ್ಲರಿಗೂ ಗೊತ್ತು. ಈ ಪದ್ಯವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ! ಒಳಗೆ ಉರಿ ಇದ್ದೇ ಇರುತ್ತದೆಂದು ಒಪ್ಪಿಕೊಂಡು, ಅದು ತಣ್ಣಗಾಗಿ ಹೊರಡುವ ದಾರಿಯನ್ನು ಅಳತೆಯಿಟ್ಟು ಮಾಡುವವರೂ ಇದ್ದಾರೆಂಬುದು ಅಂದು ತಿಳಿಯಿತು.

ಹುಡುಗ ಏಳುವ ಮುನ್ನ ಇನ್ನೊಂದು ಮಾತು ಹೇಳಿದ. 2018ರ ಡಿಸೆಂಬರಿನಲ್ಲಿ ಮುಧೋಳ ತಾಲ್ಲೂಕಿನ ಕಾರ್ಖಾನೆಯೊಂದರ ತ್ಯಾಜ್ಯನೀರಿನ ಘಟಕದಲ್ಲಿ ಸ್ಫೋಟವಾಗಿ ನಾಲ್ವರು ಸತ್ತಿದ್ದರು. ಅದು ಬೇರೆ ಘಟಕ. ಈ ಬೋಲ್ಟಿಗೂ ಅದಕ್ಕೂ ಸಂಬಂಧವಿಲ್ಲ. “ಆದ್ರ ಆ ನಾಲ್ಕೂ ಮಂದಿ ಮುಂಜಾನೆ ಬುತ್ತಿ ಕಟಗೊಂಡ ಹೋಗಿರತಾರಲ್ರಿ ಮಾಮಾ” ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಆದರೂ ‘ಸಹಿ ಮಾಡಬೇಡ’ ಎಂಬ ಎರಡು ಮಾತು ನನ್ನ ಬಾಯಿಂದ ಬರಲಿಲ್ಲ.

ಅವನು ಸಹಿ ಮಾಡಲಿಲ್ಲ. ಎರಡನೆಯ ದಿನ ಬೋಲ್ಟು ಬಂತು, ಪಂಪು ನಡೆಯಿತು. ಅವನಿಗೆ ಮಾತ್ರ ಮೂರು ತಿಂಗಳು ರಾತ್ರಿ ಪಾಳಿಯೂ ಸಿಕ್ಕಿತು.

ಯುಗಾದಿಗೆ ಬನಹಟ್ಟಿಗೆ ಹೋಗಿದ್ದೆ. ಮಗ್ಗದ ಮನೆಯ ಸ್ವಿಚ್ಚಿನ ಪೆಟ್ಟಿಗೆಗೆ ಹೊಸ ಮುಚ್ಚಳ ಬಂದಿತ್ತು. ಅಕ್ಕ ಹೋಳಿಗೆ ಬಡಿಸುತ್ತ, “ತಮ್ಮಾ, ಹುಡುಗ ಅವತ್ತು ನಿನ್ನ ಕೇಳಾಕಂತನ ಜಮಖಂಡಿಗೆ ಬಂದಿದ್ದ. ನೀ ಧೈರ್ಯ ಹೇಳಿದ್ದಕ್ಕ ಗಟ್ಟ್ಯಾಗಿ ನಿಂತ ನೋಡು. ಮನ್ಯಾಗ ಒಬ್ಬರರೆ ಕಲಿತವರು ಇರಬೇಕಪ್ಪಾ” ಎಂದಳು.

ಹುಡುಗ ತಲೆ ಬಗ್ಗಿಸಿ ಉಣ್ಣುತ್ತಿದ್ದ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.