ಆಡದೆ ಉಳಿದ ನಿಮಿಷಗಳು

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಬೆಂಗಳೂರು ಎಫ್‌ಸಿಯ ಚರಿತ್ರೆಗೆ ಸೇರಿಹೋಗಿದೆ. ಆ ಗೋಲು ನನ್ನೊಳಗೆ ಏನು ಮಾಡಿತು ಎಂಬುದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ನಾಕೌಟ್ ಪಂದ್ಯ ಅದು. ಎದುರಿಗೆ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲದೆ ಆಟ ಹೆಚ್ಚುವರಿ ಅವಧಿಗೆ ಹೋಗಿ, ಅದರಲ್ಲೂ ಆರೇಳು ನಿಮಿಷ ಕಳೆದಿತ್ತು. ಪೆನಾಲ್ಟಿ ಪ್ರದೇಶದ ಹೊರಗೆ ಛೆಟ್ರಿಯನ್ನು ಬೀಳಿಸಿದ್ದಕ್ಕೆ ಫ್ರೀ ಕಿಕ್ ಸಿಕ್ಕಿತು. ತನಗೆ ಎದುರಾಳಿ ಆಟಗಾರರ ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ಅವರು ರೆಫರಿ ಕ್ರಿಸ್ಟಲ್ ಜಾನ್‌ಗೆ ಹೇಳಿದ್ದರಂತೆ. ಪಂದ್ಯದ ನಂತರ ಛೆಟ್ರಿಯೇ ಹೀಗೆಂದು ವಿವರಿಸಿದರು. ಮೊದಲ ಸಲ ಒದೆಯಲು ಹೋದಾಗ ಕೇರಳದ ಆಡ್ರಿಯನ್ ಲೂನಾ ಚೆಂಡಿಗೆ ಅಡ್ಡ ಬಂದರು. ಲೂನಾ ಸರಿದ ಮೇಲೆ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನೊಳಗೆ ಹಾಕಿಬಿಟ್ಟರು. ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಇನ್ನೂ ಗೋಡೆ ನಿಲ್ಲಿಸುವುದರಲ್ಲೇ ಇದ್ದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಮೈದಾನಕ್ಕೆ ಬಂದು ತಮ್ಮ ಆಟಗಾರರನ್ನು ಕರೆದುಕೊಂಡು ಹೊರಟರು. ಅವರು ಮರಳಲೇ ಇಲ್ಲ. ಬೆಂಗಳೂರು 1–0ರಿಂದ ಗೆದ್ದಿದೆ ಎಂದು ಘೋಷಿಸಲಾಯಿತು.

ನಾನದನ್ನು ನೋಡಿದ್ದು ವಿಜಯಪುರ ಸೀಮೆಯ ಮಮದಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ, ಮೊಬೈಲಿನಲ್ಲಿ. ಬಿಳಿಜೋಳದ ಸುಗ್ಗಿಯ ಕಾಲ. ಊರೆಲ್ಲ ದಣಿದು ಮಲಗಿತ್ತು. ಕಂಠೀರವ ನಮ್ಮೂರಿನಿಂದ ಐನೂರು ಕಿಲೋಮೀಟರಿನಷ್ಟು ದೂರ. ನಮ್ಮ ಸೀಮೆಯವರಿಗೆ ಕುಸ್ತಿ ಗೊತ್ತು, ಕಬಡ್ಡಿ ಗೊತ್ತು, ಸೈಕಲ್ ಪಂದ್ಯವಂತೂ ವಿಜಯಪುರದ ಹೆಮ್ಮೆ. ಫುಟ್‌ಬಾಲ್ ಹುಚ್ಚು ಹಿಡಿಸಿಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು. 2016ರಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಇದೇ ಕಂಠೀರವದಲ್ಲಿ 3–1ರಿಂದ ಸೋಲಿಸಿ, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾದಾಗಿನಿಂದ ಬೆಂಗಳೂರು ಎಫ್‌ಸಿಯನ್ನು ನಾನು ನನ್ನದು ಎಂದುಕೊಂಡಿದ್ದೇನೆ.

ಕೇರಳದವರು ಹೊರಟುಹೋದ ಮೇಲೆ ಪರದೆಯ ಮೇಲೆ ಅರ್ಧ ಖಾಲಿಯಾದ ಮೈದಾನ ಕಾಣುತ್ತಿತ್ತು. ನೀಲಿ ಅಂಗಿಯವರು ಕಾಯುತ್ತ ನಿಂತಿದ್ದರು. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಅವರು ವಾಪಸು ಬರಬಾರದು. ಗೋಲು ಬಿದ್ದಾಗ ಕುಣಿದದ್ದು ಎಲ್ಲ ಅಭಿಮಾನಿಗಳೂ ಮಾಡುವ ಕೆಲಸ, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಕುಣಿತದ ನಂತರದ ಈ ಬಯಕೆ. ಆಟವನ್ನು ಇಷ್ಟು ಪ್ರೀತಿಸುವ ನಾನೇ ಆಟ ನಿಲ್ಲಲಿ ಎಂದು ಬೇಡಿಕೊಂಡೆ. ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಡುವುದಿತ್ತು. ಆ ನಿಮಿಷಗಳಲ್ಲಿ ಕೇರಳ ಒಂದು ಗೋಲು ಹೊಡೆದರೆ ಎಂಬ ಭಯ ನನ್ನನ್ನು ಆಳುತ್ತಿತ್ತು.

ಮರುದಿನ ಹಳೆಯ ಪೈಲ್ವಾನರೊಬ್ಬರಿಗೆ ಈ ಕಥೆ ಹೇಳಿದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎದುರಿನಾಂವ ತಯಾರ ಇದ್ನೇನು?” ಕುಸ್ತಿ ಕಣದಲ್ಲಿ ಇಬ್ಬರೂ ಕೈಗೆ ಕೈ ಕೊಟ್ಟ ಮೇಲೆಯೇ ಪಟ್ಟು ಹಾಕುವುದು. ಅವರಿಗೆ ನಾನು ಫುಟ್‌ಬಾಲಿನ ನಿಯಮ ಬಿಡಿಸಿ ಹೇಳಿದೆ. ತಪ್ಪು ಮಾಡಿದವರ ಕಡೆಯವರು ಸಜ್ಜಾಗಲಿ ಎಂದು ತಪ್ಪಿಗೆ ಗುರಿಯಾದವರು ಕಾಯಬೇಕಿಲ್ಲ. ಚೆಂಡು ನಿಂತಿದ್ದರೆ ಸಾಕು. ಎದುರಾಳಿಗಳು 9.15 ಮೀಟರ್ ಹಿಂದೆ ಸರಿಯಲಿ ಎಂದು ಕಿಕ್ ಹೊಡೆಯುವ ತಂಡ ಕೇಳಿದರೆ ಅಥವಾ ರೆಫರಿಯೇ ಕಾಯಲು ಹೇಳಿದ್ದರೆ ಮಾತ್ರ ಸೀಟಿಗೆ ಕಾಯಬೇಕು. “ನಾ ಕಾಯ್ದೆ ಕೇಳ್ಲಿಲ್ಲಪಾ,” ಎಂದು ಅವರು ಎದ್ದುಹೋದರು.

ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಇವತ್ತಿಗೂ. ಲೂನಾ ಮೊದಲ ಯತ್ನವನ್ನು ತಡೆದಿದ್ದರಲ್ಲ, ಅಂದರೆ ಮೈದಾನದಲ್ಲಿ ಒಬ್ಬರಿಗಾದರೂ ಅಪಾಯದ ಸುಳಿವು ಹತ್ತಿತ್ತು. ಎಚ್ಚರವಾಗಿರುವುದೂ ಫುಟ್‌ಬಾಲಿನ ಒಂದು ಕೌಶಲವೇ. ಗೋಲು ನ್ಯಾಯವಾದದ್ದು ಎಂದೇ ನಾನು ವಾದಿಸುತ್ತೇನೆ. ಆದರೆ ಪೈಲ್ವಾನರ ಪ್ರಶ್ನೆ ಗೋಲನ್ನು ದಾಟಿ ನನ್ನ ಬಯಕೆಗೇ ತಾಗಿತು. ಎದುರಾಳಿ ಕಣದಲ್ಲೇ ಇರದ ಗೆಲುವು ನನಗೆ ಅಷ್ಟು ಸುಲಭವಾಗಿ ಹೇಗೆ ರುಚಿಸಿತು?

ಇಂಥದೇ ಗೋಲು 2004ರ ಡಿಸೆಂಬರ್ 12ರಂದು ಲಂಡನ್ನಿನ ಹೈಬರಿಯಲ್ಲೂ ಬಿದ್ದಿತ್ತು. ಚೆಲ್ಸಿಯ ಪೀಟರ್ ಚೆಕ್ ಗೋಡೆ ನಿಲ್ಲಿಸುತ್ತಿದ್ದಾಗಲೇ ರೆಫರಿಯ ಒಪ್ಪಿಗೆ ಪಡೆದು ಆರ್ಸೆನಲ್‌ನ ಥಿಯರಿ ಹೆನ್ರಿ ಚೆಂಡನ್ನು ಒಳಗೆ ತಳ್ಳಿದ್ದರು. ಚೆಲ್ಸಿಯವರು ರೆಫರಿಯನ್ನು ಸುತ್ತುವರಿದು ಕೂಗಾಡಿದರು, ಆಮೇಲೆ ಆಟಕ್ಕೆ ಮರಳಿದರು. ದ್ವಿತೀಯಾರ್ಧ ಶುರುವಾದ ಕೂಡಲೇ ಅವರ ಗುಡ್‌ಜಾನ್ಸನ್ ಸಮ ಮಾಡಿದರು; ಪಂದ್ಯ 2–2ರಲ್ಲಿ ಮುಗಿಯಿತು. ಹೆನ್ರಿಯ ಗೋಲಿಗೆ ಅಲ್ಲೇ, ಅದೇ ಹುಲ್ಲಿನ ಮೇಲೆ ಉತ್ತರ ಸಿಕ್ಕಿತು. ಛೆಟ್ರಿಯ ಗೋಲಿಗೆ ಉತ್ತರ ಸಿಕ್ಕಿದ್ದು ಕಚೇರಿಗಳಲ್ಲಿ. ಪಂದ್ಯ ಮತ್ತೆ ಆಡಿಸಬೇಕೆಂಬ ಕೇರಳದ ಬೇಡಿಕೆ ಬಿದ್ದುಹೋಯಿತು. ತಿಂಗಳ ಕೊನೆಗೆ ಫುಟ್‌ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಹಾಕಿತು. ಬೆಂಗಳೂರು ಸೆಮಿಫೈನಲ್‌ನಲ್ಲಿ ಮುಂಬೈಯನ್ನು ದಾಟಿ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಆ ಋತುವಿನ ಮಾತೆತ್ತಿದರೆ ಫೈನಲ್ ಯಾರ ಬಾಯಲ್ಲೂ ಬರುವುದಿಲ್ಲ. ಫ್ರೀ ಕಿಕ್ ಬರುತ್ತದೆ.

ನನ್ನನ್ನು ಇನ್ನೂ ಆಳಕ್ಕೆ ಕೆದಕಿದ್ದು ಛೆಟ್ರಿಯ ಗೋಲಿನ ಮರುದಿನದ ಇನ್ನೊಂದು ಫ್ರೀ ಕಿಕ್. ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯ ಫೈನಲ್ ನಡೆಯಿತು. ಕರ್ನಾಟಕದ ಎದುರು ಮೊದಲ ಬಾರಿ ಫೈನಲ್‌ಗೆ ಬಂದಿದ್ದ ಮೇಘಾಲಯ. ಅದಕ್ಕೆ ಮುಂಚೆ ಕರ್ನಾಟಕ ಈ ಟ್ರೋಫಿಯನ್ನು ಕಡೆಯ ಸಲ ಗೆದ್ದದ್ದು 1968–69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ಐವತ್ನಾಲ್ಕು ವರ್ಷ! ಮೊದಲಾರ್ಧ ಮುಗಿಯುವ ಹೊತ್ತಿಗೆ ರಾಬಿನ್ ಯಾದವ್ ಹೊಡೆದ ಫ್ರೀ ಕಿಕ್ ಗೋಲ್‌ಕೀಪರ್‌ನನ್ನು ದಾಟಿ ನೇರ ಬಲೆಗೆ ಬಿತ್ತು. 3–1. ಮೇಘಾಲಯದ ಹುಡುಗರು ಬಗ್ಗಲಿಲ್ಲ. ದ್ವಿತೀಯಾರ್ಧದಲ್ಲಿ ಇನ್ನೊಂದು ಗೋಲು ಹೊಡೆದು ಕೊನೆಯ ನಿಮಿಷದವರೆಗೆ ನಮ್ಮವರನ್ನು ಬೆನ್ನಟ್ಟಿದರು. ನಮ್ಮವರು ಅದನ್ನೆಲ್ಲ ತಾಳಿಕೊಂಡು 3–2ರಿಂದ ಗೆದ್ದರು.

ನನ್ನ ರಾಜ್ಯದ ಹೆಸರನ್ನೇ ಎದೆಯ ಮೇಲೆ ಹೊತ್ತ ತಂಡ ಅದು. ಆದರೂ ಆ ವಾರವೆಲ್ಲ ನಾನು ಜಗಳವಾಡಿದ್ದು ಛೆಟ್ರಿಯ ಗೋಲಿನ ಬಗ್ಗೆ. ಯಾಕೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಜಗಳದಲ್ಲಿ ನನಗೊಂದು ಪಾತ್ರವಿತ್ತು; ತಂಡದ ಪರವಾಗಿ ನಿಯಮ ಹೇಳುವ ವಕೀಲ ನಾನು. ರಾಬಿನ್ ಯಾದವ್‌ಗೆ ವಕೀಲರು ಬೇಕಿರಲಿಲ್ಲ. ಆ ಗೋಲು ನೋಡಿ ಖುಷಿಪಡುವುದಷ್ಟೇ ನನ್ನ ಪಾಲಿಗಿತ್ತು. ದೂರದ ಊರಿನಲ್ಲಿ ಕೂತು ತಂಡಕ್ಕೆ ತಾನೂ ಬೇಕಾದವನು ಎಂದು ನಂಬಬಯಸುವವನಿಗೆ ಖುಷಿಗಿಂತ ಜಗಳ ಹತ್ತಿರವಾಗುತ್ತದೆ ಎಂದು ಈಗ ಅನ್ನಿಸುತ್ತದೆ. ತಂಡಗಳ ಚರಿತ್ರೆಯೂ ಎಷ್ಟೋ ಸಲ ಹೀಗೆಯೇ ಕಟ್ಟಿಕೊಳ್ಳುತ್ತದೇನೋ: ತೀರ್ಮಾನವಾಗದೆ ಉಳಿದದ್ದನ್ನು ನಾವು ಹೇಳುತ್ತಲೇ ಇರುತ್ತೇವೆ.

ಅದೇ ವರ್ಷ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಎರಡೂ ತಂಡಗಳು ಮತ್ತೆ ಎದುರಾದವು. ನಿಷೇಧದಲ್ಲಿದ್ದ ವುಕೊಮನೊವಿಚ್ ಪಕ್ಕದ ಗೆರೆಯಲ್ಲಿ ಇರಲಿಲ್ಲ. ಲೂನಾ ಇದ್ದರು. ಬೆಂಗಳೂರು ಸ್ವಂತ ಗೋಲಿನಿಂದ ಹಿಂದೆ ಬಿದ್ದಿತ್ತು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಕಾಲಿನಿಂದ ಚೆಂಡು ಕಸಿದು ಲೂನಾ ಎರಡನೆಯದನ್ನು ಹೊಡೆದರು. ಗೋಡೆ ನಿಲ್ಲಿಸುವ ಮೊದಲೇ ಗೋಲು ತಿಂದವರ ಎಚ್ಚರ ಅದರಲ್ಲಿತ್ತು ಎಂದು ನನಗನ್ನಿಸಿತು. ಕೊನೆಗೆ ಕರ್ಟಿಸ್ ಮೇನ್ ನಮಗೊಂದು ಗೋಲು ತಂದುಕೊಟ್ಟರು. 2–1. ಅಲ್ಲಿಂದ ರೆಫರಿಯ ಕಡೆಯ ಸೀಟಿಯವರೆಗೆ ನಾನು ಬೇಡಿಕೊಂಡದ್ದು ಆಟ ನಿಲ್ಲದಿರಲಿ, ಇನ್ನೂ ಒಂದು ನಿಮಿಷ ಸಿಗಲಿ ಎಂದು. ನಾವು ಸೋತೆವು. ಮಾರ್ಚ್‌ನಿಂದ ನನಗೆ ಬೇಕಾಗಿದ್ದ ನಿಮಿಷಗಳು ಅವು, ಮತ್ತು ಇಪ್ಪತ್ತೆರಡು ಮಂದಿಯೂ ಅವನ್ನು ಆಡಿಯೇ ಹೊರಗೆ ಬಂದರು.