ನಡೆಯುವ ಮರಳು, ಬದಲಾದ ಮನಸ್ಸು

ಉತ್ತರ ಆಫ್ರಿಕದ ಟ್ಯುನೀಸಿಯಾದಲ್ಲಿ, ಸಹಾರಾ ಮರುಭೂಮಿಯ ಅಂಚಿನ ನೆಫ್ತಾ ಪಟ್ಟಣದಿಂದ ಮರಳುಹಾದಿ ಹಿಡಿದರೆ ಗುಮ್ಮಟದ ಮನೆಗಳ ಪುಟ್ಟ ಊರೊಂದು ಎದುರಾಗುತ್ತದೆ. ಬಾಗಿಲುಗಳಿವೆ, ಒಳಗೆ ಸಂಸಾರವಿಲ್ಲ. ಇದೇ ಮೋಸ್ ಎಸ್ಪಾ. ‘ಸ್ಟಾರ್ ವಾರ್ಸ್’ ಸರಣಿಯ ‘ದಿ ಫ್ಯಾಂಟಮ್ ಮೆನಸ್’ ಚಿತ್ರಕ್ಕಾಗಿ 1997ರಲ್ಲಿ ಹಾಕಿದ ಸೆಟ್.

1977ರಲ್ಲಿ ಆರಂಭವಾದ ಕಥೆಯ ಹಿಂದಿನ ಭಾಗವನ್ನು ಹೇಳುವ ಈ ಚಿತ್ರ 1999ರಲ್ಲಿ ತೆರೆಕಂಡಿತು. ಹಣವೇನೋ ಹರಿದುಬಂತು, ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ ಮುನಿದರು. ಸಿಟ್ಟು ನಟರ ಮೇಲೂ ತಿರುಗಿತು. ಜಾರ್ ಜಾರ್ ಬಿಂಕ್ಸ್ ಎಂಬ ಹಾಸ್ಯಪಾತ್ರ ಮಾಡಿದ ಅಹಮದ್ ಬೆಸ್ಟ್, ಆ ಗೇಲಿಯಿಂದ ಬದುಕೇ ಬೇಡವೆನಿಸಿತ್ತೆಂದು 2018ರಲ್ಲಿ ಹೇಳಿಕೊಂಡರು.

ಸೆಟ್ಟಿಗೂ ಅಪಾಯ ಕಾದಿತ್ತು. ಅರ್ಧಚಂದ್ರಾಕಾರದ ಮರಳುದಿಣ್ಣೆಯೊಂದು ಅದರತ್ತ ಬರುತ್ತಿತ್ತು. ಇಂಥ ದಿಣ್ಣೆಗೆ ಬರ್ಖಾನ್ ಎಂದು ಹೆಸರು. ಗಾಳಿ ಹಿಂಬದಿಯ ಮರಳನ್ನು ನೆತ್ತಿಗೇರಿಸಿ ಮುಂದಕ್ಕೆ ಸುರಿಯುತ್ತದೆ. ಹೀಗೆ ಕಣಕಣವಾಗಿ ದಿಣ್ಣೆಯೇ ನಡೆಯುತ್ತದೆ. ವೇಗ ವರ್ಷಕ್ಕೆ ಸುಮಾರು 15 ಮೀಟರ್ ಎಂದು 2013ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. 2014ರಲ್ಲಿ ಊರನ್ನು ಉಳಿಸುವ ಕೆಲಸಕ್ಕೆ ಅಭಿಮಾನಿಗಳೂ ಕೈಜೋಡಿಸಿದರು.

ಜನಾಭಿಪ್ರಾಯವೂ ಹೀಗೆಯೇ ಮೆಲ್ಲನೆ ಸರಿಯಿತು. 1999ರಲ್ಲಿ ಚಿತ್ರ ನೋಡಿದ ಮಕ್ಕಳು ಬೆಳೆದು ದೊಡ್ಡವರಾದರು. ಹೋಲಿಸಿ ಕೊರಗಲು ಅವರಿಗೆ ಹಳೆಯ ನೆನಪಿರಲಿಲ್ಲ. ಅವರ ಮೊದಲ ಬೆರಗು ಇದೇ ಚಿತ್ರ. 2023ರಲ್ಲಿ ಬೆಸ್ಟ್ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯಲ್ಲಿ ಜೆಡೈ ಯೋಧನಾಗಿ ಬಂದಾಗ ಅಭಿಮಾನಿಗಳು ಹರ್ಷಿಸಿದರು. 25 ವರ್ಷ ತುಂಬಿದ 2024ರಲ್ಲಿ ಚಿತ್ರ ಮತ್ತೆ ಚಿತ್ರಮಂದಿರಗಳಿಗೆ ಬಂತು.

ಚಿತ್ರಕ್ಕೇನೋ ಕಾಯುವ ಕಾಲವಿತ್ತು. ಗೇಲಿಗೆ ಸಿಕ್ಕ ಮನುಷ್ಯನಿಗೆ ಕಳೆದುಹೋದ ಆ ವರ್ಷಗಳನ್ನು ಯಾರು ಹಿಂದಿರುಗಿಸಬಲ್ಲರು?